ಲೆವೆಲ್ ಕ್ಯಾಪ್ ಮತ್ತು ಸ್ಕಿಲ್ ಪಾಯಿಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಪಿಜಿ (ಒಂದು ಪಾತ್ರವನ್ನು ಬೆಳೆಸುತ್ತಾ ಹೋಗುವ ಆಟ) ಆಡುವ ಇಬ್ಬರು ಮಾತಿಗೆ ಕೂತರೆ ಹತ್ತು ನಿಮಿಷದಲ್ಲಿ ಮಾತು ಲೆವೆಲ್ಲಿಗೆ ಬಂದು ನಿಲ್ಲುತ್ತದೆ. "ಎಷ್ಟನೇ ಲೆವೆಲ್?", "ಯಾವ ಸ್ಕಿಲ್ ತಗೊಂಡೆ?", "ಕ್ಯಾಪ್ ಎಷ್ಟು?" ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಹಳಬರು ಕೊನೆಯ ಭಾಗಕ್ಕೆ ಹೋದರೂ ನಡೆಯುತ್ತದೆ.

## ಈಗಷ್ಟೇ ಶುರು ಮಾಡಿದವರಿಗೆ

ಲೆವೆಲ್ ಕ್ಯಾಪ್ ಅಂದ್ರೆ ಏನು? ಅದು ಬಂದ್ರೆ ಆಟ ಮುಗೀತು ಅಂತಾನಾ?

ಇಲ್ಲ. ನಿಮ್ಮ ಪಾತ್ರ ಇದಕ್ಕಿಂತ ಮೇಲೆ ಬೆಳೆಯುವುದಿಲ್ಲ ಎಂದು ಆಟ ಮಾಡಿದವರು ಎಳೆದ ಗೆರೆ ಅದು, ಅಷ್ಟೇ. ಶತ್ರುಗಳನ್ನು ಸೋಲಿಸಿದಾಗ, ವಹಿಸಿದ ಕೆಲಸ ಮುಗಿಸಿದಾಗ ಎಕ್ಸ್‌ಪಿ ಸಿಗುತ್ತದೆ, ಅಂದರೆ ಅನುಭವದ ಅಂಕ. ಅದು ಒಂದು ಮೊತ್ತಕ್ಕೆ ಬಂದಾಗ ಲೆವೆಲ್ ಏರುತ್ತದೆ. ಈ ಪದ್ಧತಿ ಶುರುವಾದದ್ದು 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ. ಅದು ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವ ಆಟ. ಕಂಪ್ಯೂಟರ್ ಆಟಗಳು ಅಲ್ಲಿಂದಲೇ ಇದನ್ನು ಎತ್ತಿಕೊಂಡವು.

ಕ್ಯಾಪ್ ಮುಟ್ಟಿದ ಮೇಲೂ ಕಥೆ ನಡೆಯುತ್ತದೆ, ಆಯುಧ ಸಿಗುತ್ತದೆ. ಲೆವೆಲ್ ಮಾತ್ರ ಏರುವುದಿಲ್ಲ. ಫಾಲ್ಔಟ್ 3ರಲ್ಲಿ ಕ್ಯಾಪ್ ಮೊದಲು 20 ಇತ್ತು. ಮೂಲೆ ಮೂಲೆ ಸುತ್ತಿ ಆಡುವವರು ಕಥೆ ಮುಗಿಯುವ ಮುಂಚೆಯೇ ಅಲ್ಲಿಗೆ ಮುಟ್ಟಿಬಿಡುತ್ತಿದ್ದರು. 2009ರಲ್ಲಿ ಬ್ರೋಕನ್ ಸ್ಟೀಲ್ ಎಂಬ ಹೆಚ್ಚುವರಿ ಭಾಗ ಬಂದು ಅದು 30 ಆಯಿತು.

ಲೆವೆಲ್ ಬೇರೆ, ಸ್ಕಿಲ್ ಬೇರೆನಾ? ಎರಡೂ ಒಂದೇ ಅಲ್ವಾ?

ಬೇರೆ ಬೇರೆ. ಲೆವೆಲ್ ಅಂದರೆ ಪಾತ್ರದ ಒಟ್ಟು ಮಟ್ಟ, ಸ್ಕಿಲ್ ಅಂದರೆ ಒಂದೊಂದು ವಿದ್ಯೆ. ಆದರೆ ಎರಡಕ್ಕೂ ಇರುವ ನಂಟು ಆಟದಿಂದ ಆಟಕ್ಕೆ ಬದಲಾಗುತ್ತದೆ.

ಹೆಚ್ಚಿನ ಆಟಗಳಲ್ಲಿ ಮೊದಲು ಲೆವೆಲ್ ಏರುತ್ತದೆ, ಆಮೇಲೆ ಪಾಯಿಂಟ್ ಕೈಗೆ ಬರುತ್ತದೆ, ಅದನ್ನು ನಿಮಗೆ ಬೇಕಾದ ಸ್ಕಿಲ್‌ಗೆ ಹಾಕುತ್ತೀರಿ. ಇಡೀ ದಿನ ಕತ್ತಿ ಬೀಸಿ ಕೊನೆಗೆ ಬೀಗ ತೆಗೆಯುವ ವಿದ್ಯೆಗೆ ಪಾಯಿಂಟ್ ಹಾಕಿದರೂ ಆಟ ಏನೂ ಕೇಳುವುದಿಲ್ಲ. ಇನ್ನೊಂದು ಬಗೆಯಲ್ಲಿ ಇದು ತಿರುಗುಮುರುಗು: ಯಾವ ಕೆಲಸ ಮಾಡುತ್ತೀರೋ ಅದೇ ಬೆಳೆಯುತ್ತದೆ, ಸ್ಕಿಲ್‌ಗಳು ಬೆಳೆದಾಗ ಅವೇ ಲೆವೆಲ್ಲನ್ನು ಎತ್ತುತ್ತವೆ. 2011ರ ಸ್ಕೈರಿಮ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅಲ್ಲಿ 18 ಸ್ಕಿಲ್ ಇವೆ. ಬಿಲ್ಲು ಬಿಟ್ಟರೆ ಬಿಲ್ವಿದ್ಯೆ ಏರುತ್ತದೆ, ಏಟು ತಿಂದರೆ ಕವಚದ ಸ್ಕಿಲ್ ಏರುತ್ತದೆ. ಲೆವೆಲ್ ಆದಾಗ ಒಂದು ಪರ್ಕ್ (ನೀವೇ ಆರಿಸಿಕೊಳ್ಳುವ ಹೆಚ್ಚುವರಿ ಬಲ) ಕೂಡ ಸಿಗುತ್ತದೆ, ಹಾಗಾಗಿ ಅದು ಎರಡೂ ಬಗೆಯ ಬೆರಕೆ.

ನನಗೆ ಎರಡನೆಯದು ಇಷ್ಟ. ಪಾತ್ರದ ಮೈಯಲ್ಲಿ ನಾನು ಆಡಿದ ರೀತಿ ಉಳಿದುಕೊಳ್ಳುತ್ತದೆ.

ಮೊದಮೊದಲು ಪಟಪಟ ಅಂತ ಲೆವೆಲ್ ಆಗುತ್ತೆ, ಆಮೇಲೆ ಯಾಕೆ ಇಷ್ಟು ನಿಧಾನ?

ಬೇಕಂತಲೇ ಹಾಗೆ ಮಾಡಿರುತ್ತಾರೆ. ಶುರುವಿನಲ್ಲಿ ನಿಮಗೆ ಆಟದ ರುಚಿ ಹತ್ತಬೇಕು, ಒಂದೊಂದೇ ಹೊಸ ವಿದ್ಯೆ ಬೇಗ ಕೈಗೆ ಬರಬೇಕು. ಮುಂದೆ ಹೋದಂತೆ ಪ್ರತಿ ಲೆವೆಲ್ಲಿಗೂ ಬೇಕಾಗುವ ಎಕ್ಸ್‌ಪಿ ಏರುತ್ತಾ ಹೋಗುತ್ತದೆ.

ಎಷ್ಟರ ಮಟ್ಟಿಗೆ ಏರುತ್ತದೆ ಅಂತ ನೋಡಬೇಕಾದರೆ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ನೋಡಿ. ಅಲ್ಲಿ ಒಂದು ಸ್ಕಿಲ್ 99 ಮುಟ್ಟಲು 1,30,34,431 ಎಕ್ಸ್‌ಪಿ ಬೇಕು. 92 ಮುಟ್ಟಲು 65,17,253. ಕೂಡಿ ಕಳೆದು ನೋಡಿ: 92ಕ್ಕೆ ಬಂದಾಗ ನೀವು ಇನ್ನೂ ಅರ್ಧ ದಾರಿಯಲ್ಲಿದ್ದೀರಿ. ಉಳಿದ ಏಳೇ ಏಳು ಲೆವೆಲ್ಲಿಗೆ ಇಲ್ಲಿಯವರೆಗೆ ಬಂದಷ್ಟೇ ದೂರ ಮತ್ತೆ ನಡೆಯಬೇಕು. ಆ ಆಟ ಆಡುವವರಿಗೆ ಈ ಲೆಕ್ಕ ಬಾಯಿಪಾಠ.

ಕ್ಯಾಪ್ ಯಾವಾಗ್ಲೂ 99, 100 ಅಂತಾನೇ ಯಾಕೆ? ಅದರಲ್ಲಿ ಏನಾದ್ರೂ ಗುಟ್ಟು ಇದೆಯಾ?

ಹಳೆಯ ಆಟಗಳಲ್ಲಿ ಪರದೆಯ ಮೇಲೆ ಜಾಗ ಕಮ್ಮಿ, ಎರಡು ಅಂಕಿ ತೋರಿಸಿದರೆ ಸಾಕು ಅಂದರೆ 99ಕ್ಕೆ ನಿಲ್ಲುತ್ತದೆ. ಮೆಮೊರಿಯೂ ಕಮ್ಮಿ ಇತ್ತು. 1986ರ ಮೊದಲ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಕೊನೆಯ ಲೆವೆಲ್ 30, ಅದಕ್ಕೆ ಬೇಕಾದ ಎಕ್ಸ್‌ಪಿ 65,535. ಈ ಅಂಕಿ ಎಲ್ಲೋ ನೋಡಿದ ಹಾಗಿದೆ ಅಲ್ವಾ? ಮೆಮೊರಿಯ 16 ಬಿಟ್‌ನಲ್ಲಿ, ಅಂದರೆ ಸೊನ್ನೆ ಅಥವಾ ಒಂದು ಬರೆಯುವ 16 ಮನೆಗಳಲ್ಲಿ, ಹಿಡಿಸುವ ದೊಡ್ಡ ಸಂಖ್ಯೆ ಅದೇ.

ಇದೇ ಕಾರಣಕ್ಕೆ ಒಂದು ಸೊಗಸಾದ ಎಡವಟ್ಟೂ ಇದೆ. ಪೋಕೆಮಾನ್‌ನ ಮೊದಲ ಪೀಳಿಗೆಯ ಆಟಗಳಲ್ಲಿ ಕೆಲವು ಪೋಕೆಮಾನ್‌ಗಳ ಎಕ್ಸ್‌ಪಿ ಸೂತ್ರಕ್ಕೆ ಲೆವೆಲ್ 1 ಅಂತ ಹಾಕಿದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಆಟಕ್ಕೆ ಋಣ ಸಂಖ್ಯೆ ಗೊತ್ತಿಲ್ಲ. ಅದನ್ನು ಒಂದು ಕೋಟಿಗೂ ಮೀರಿದ ಸಂಖ್ಯೆ ಅಂತ ಓದಿಕೊಳ್ಳುತ್ತದೆ, ಹಾಗಾಗಿ ಆ ಪೋಕೆಮಾನ್‌ಗೆ ಚೂರೇ ಚೂರು ಎಕ್ಸ್‌ಪಿ ಕೊಟ್ಟರೆ ಒಂದೇ ನೆಗೆತಕ್ಕೆ ಲೆವೆಲ್ 100. ಸಾಮಾನ್ಯವಾಗಿ ಆಡುವವರಿಗೆ ಲೆವೆಲ್ 1ರ ಪೋಕೆಮಾನ್ ಅಲ್ಲಿ ಸಿಗುವುದೇ ಇಲ್ಲ, ಬೇರೊಂದು ಗ್ಲಿಚ್ (ಆಟದೊಳಗಿನ ದೋಷ) ಬಳಸಿಯೇ ತರಬೇಕು.

ಈಗಿನ ಆಟಗಳಿಗೆ ಆ ಇಕ್ಕಟ್ಟಿಲ್ಲ. ಡಿಸ್‌ಗಯಾ ಸರಣಿಯ ಹೆಚ್ಚಿನ ಆಟಗಳಲ್ಲಿ ಲೆವೆಲ್ 9,999ರವರೆಗೂ ಹೋಗುತ್ತದೆ.

## ಆಟದ ಮಧ್ಯದಲ್ಲಿ ಇರುವವರಿಗೆ

ದುಡ್ಡು ಕೊಟ್ಟು ತಗೊಂಡ ಆಟ, ಗಂಟೆಗಟ್ಟಲೆ ಆಡ್ತೀನಿ, ನನ್ನನ್ನ ಯಾಕೆ 12ಕ್ಕೆ ನಿಲ್ಲಿಸ್ತಾರೆ?

ಈ ಪ್ರಶ್ನೆ 2023ರಲ್ಲಿ ಬಾಲ್ಡರ್ಸ್ ಗೇಟ್ 3 ಬಂದಾಗಿನಿಂದ ನಿಂತೇ ಇಲ್ಲ. ಅದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ನಿಯಮಗಳ ಮೇಲೆ ನಿಂತ ಆಟ, ಆ ಪುಸ್ತಕದಲ್ಲಿ ಲೆವೆಲ್ 20ರವರೆಗೆ ಇದೆ. ಹಾಗಾದರೆ ಉಳಿದ ಎಂಟು ಎಲ್ಲಿ ಹೋಯಿತು?

ಆ ಎಂಟರಲ್ಲಿ ಏನಿದೆ ಅಂತ ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಆ ಮಟ್ಟದ ಮಂತ್ರವಾದಿ ಬೇರೆ ಲೋಕಕ್ಕೆ ದಾಟಬಲ್ಲ, ಬಯಸಿದ್ದನ್ನು ಬಾಯಲ್ಲಿ ಹೇಳಿ ನಿಜ ಮಾಡಬಲ್ಲ. ಮೇಜಿನ ಸುತ್ತ ಕೂತು ಆಡುವಾಗ ಆಟ ನಡೆಸುವವರು ಅಲ್ಲೇ ಯೋಚಿಸಿ ಏನಾದರೂ ಹೇಳುತ್ತಾರೆ. ಕಂಪ್ಯೂಟರ್ ಆಟದಲ್ಲಿ ಪ್ರತಿಯೊಂದಕ್ಕೂ ಮೊದಲೇ ದೃಶ್ಯ, ಮಾತು, ಪರಿಣಾಮ ಸಿದ್ಧ ಇರಬೇಕು. ಅದು ಆಗದ ಮಾತು. ಹಾಗಾಗಿ ಕಥೆ ಎಲ್ಲಿ ಗಟ್ಟಿಯಾಗಿ ನಿಲ್ಲುತ್ತದೋ ಅಲ್ಲಿಗೆ ಲೆವೆಲ್ಲನ್ನೂ ನಿಲ್ಲಿಸಿದರು.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ಕ್ಯಾಪ್ ಇದ್ದರೆ ಮಾತ್ರ ಆಯ್ಕೆಗೆ ತೂಕ. ಹನ್ನೆರಡೇ ಲೆವೆಲ್ ಅಂದಾಗ ಒಂದನ್ನು ತಗೊಂಡರೆ ಇನ್ನೊಂದನ್ನು ಬಿಡಬೇಕು. ನಿಮ್ಮ ಕಳ್ಳನ ಪಾತ್ರಕ್ಕೂ ನಿಮ್ಮ ಗೆಳೆಯನ ಕಳ್ಳನ ಪಾತ್ರಕ್ಕೂ ವ್ಯತ್ಯಾಸ ಹುಟ್ಟುವುದು ಆ ಬಿಟ್ಟದ್ದರಿಂದಲೇ. ಗೆರೆ ಇಲ್ಲದಿದ್ದರೆ ಕೊನೆಗೆ ಎಲ್ಲರ ಪಾತ್ರವೂ ಎಲ್ಲವನ್ನೂ ಬಲ್ಲ ಒಂದೇ ಮನುಷ್ಯ ಆಗಿಬಿಡುತ್ತದೆ.

ನಾನು ಲೆವೆಲ್ ಏರಿದ ಹಾಗೆ ಶತ್ರುಗಳೂ ಏರ್ತಾರೆ. ಹಾಗಾದ್ರೆ ಏರಿ ಏನು ಪ್ರಯೋಜನ?

ಇದಕ್ಕೆ ಲೆವೆಲ್ ಸ್ಕೇಲಿಂಗ್ ಅನ್ನುತ್ತಾರೆ. ಎಲ್ಲಿಗೆ ಯಾವಾಗ ಹೋದರೂ ಹೋರಾಟ ತೀರಾ ಸುಲಭವೂ ಆಗಬಾರದು, ತೀರಾ ಕಷ್ಟವೂ ಆಗಬಾರದು ಅಂತ ಮಾಡಿದ ಏರ್ಪಾಟು. ಉದ್ದೇಶ ಒಳ್ಳೆಯದೇ. 2006ರ ಒಬ್ಲಿವಿಯನ್‌ನಲ್ಲಿ ಮಾತ್ರ ಅದು ಅತಿಯಾಯಿತು: ಲೆವೆಲ್ ಏರಿದ ಮೇಲೆ ದಾರಿಯಲ್ಲಿ ಅಡ್ಡಗಟ್ಟುವ ಸಾಮಾನ್ಯ ದರೋಡೆಕೋರರೂ ದುಬಾರಿ ಗ್ಲಾಸ್ ಕವಚ ತೊಟ್ಟು ಬರುತ್ತಿದ್ದರು. ಅಲ್ಲಿ ಲೆವೆಲ್ ಏರಬೇಕಾದರೆ ಹಾಸಿಗೆಯಲ್ಲಿ ಮಲಗಬೇಕಿತ್ತು, ಹಾಗಾಗಿ ಕೆಲವರು ಮಲಗದೆಯೇ ಇಡೀ ಆಟ ಮುಗಿಸಿದರು. 1999ರ ಫೈನಲ್ ಫ್ಯಾಂಟಸಿ 8ರಲ್ಲೂ ಇದೇ ಕಥೆ. ಶತ್ರುಗಳನ್ನು ಸಾಯಿಸದೆ ಆಟದೊಳಗಿನ ಕಾರ್ಡುಗಳಾಗಿ ಬದಲಾಯಿಸಿಕೊಂಡರೆ ಎಕ್ಸ್‌ಪಿ ಬರುವುದಿಲ್ಲ, ಲೆವೆಲ್ ಕೆಳಗೇ ಉಳಿಯುತ್ತದೆ, ಕಾರ್ಡುಗಳಿಂದ ಸಾಮಾನು ಮಾಡಿಕೊಂಡು ಪಾತ್ರ ಮಾತ್ರ ಬಲವಾಗುತ್ತದೆ.

ನನಗೇ ಆದದ್ದು ಹೇಳುತ್ತೇನೆ. ಸ್ಕೈರಿಮ್ ಮೊದಲ ಸಲ ಆಡುವಾಗ ವೈಟ್‌ರನ್‌ನ ಕಮ್ಮಾರಶಾಲೆಯ ಮುಂದೆ ನಿಂತುಬಿಟ್ಟೆ. ಒಂದು ಕಬ್ಬಿಣದ ಗಟ್ಟಿ, ಒಂದು ತೊಗಲಿನ ಪಟ್ಟಿ, ಒಂದು ಚೂರಿ. ಟಣ್ ಟಣ್ ಅಂತ ಸುತ್ತಿಗೆ ಸದ್ದು, ಮೇಲೆ ಸ್ಕಿಲ್ ಏರಿದ ಗೆರೆ, ಮತ್ತೆ ಇನ್ನೊಂದು ಚೂರಿ. ಆಗಿನ ಆವೃತ್ತಿಯಲ್ಲಿ ಅಗ್ಗದ ಚೂರಿ ಮಾಡಿದರೂ ಸ್ಕಿಲ್ ಚೆನ್ನಾಗಿಯೇ ಏರುತ್ತಿತ್ತು. ಒಂದು ಸಂಜೆಯಲ್ಲಿ ಲೆವೆಲ್ ಇಪ್ಪತ್ತರ ಹತ್ತಿರ ಬಂತು. ಖುಷಿಯಿಂದ ಊರಾಚೆ ಹೋದರೆ ಮೊದಲ ಸಮಾಧಿಯಲ್ಲೇ ಎದ್ದು ಬಂದ ಶವದ ಯೋಧ ಎರಡು ಏಟಿಗೆ ಮಲಗಿಸಿದ. ಯಾಕೆಂದರೆ ಆಟ ನೋಡಿದ್ದು ನನ್ನ ಲೆವೆಲ್ಲನ್ನು, ನನ್ನ ಕತ್ತಿಯ ಸ್ಕಿಲ್ ಮಾತ್ರ ಶುರುವಿನಲ್ಲಿ ಇದ್ದಲ್ಲೇ ಇತ್ತು. ಅವತ್ತು ಗೊತ್ತಾದದ್ದು ಇಷ್ಟು: ಸ್ಕೇಲಿಂಗ್ ಇರುವ ಆಟದಲ್ಲಿ ಹೋರಾಟಕ್ಕೆ ಬಾರದ ಸ್ಕಿಲ್‌ನಿಂದ ಲೆವೆಲ್ ಏರಿಸಿಕೊಂಡರೆ ನೀವು ಬಲವಾಗುವುದಿಲ್ಲ, ಶತ್ರು ಬಲವಾಗುತ್ತಾನೆ. ಹೊಡೆಯುವ ಒಂದು ಸ್ಕಿಲ್, ತಡೆದುಕೊಳ್ಳುವ ಒಂದು ಸ್ಕಿಲ್, ಇವೆರಡನ್ನು ಮೊದಲು ಮುಂದೆ ತನ್ನಿ. ಕಮ್ಮಾರಿಕೆ, ಮದ್ದು ಅರೆಯುವುದು, ಮಾತಿನ ಜಾಣ್ಮೆ ಜೊತೆ ಜೊತೆಗೆ ಬರಲಿ.

ಪಾಯಿಂಟ್ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಂಚಲಾ, ಒಂದಕ್ಕೇ ಸುರೀಲಾ?

ಒಬ್ಬರೇ ಪಾತ್ರ ನಡೆಸುವ ಆಟದಲ್ಲಿ ಒಂದು ಮುಖ್ಯ, ಒಂದು ಆಸರೆ ಸಾಕು. ಕಷ್ಟ ಬರುವುದು ಸಮನಾಗಿ ಹಂಚಿದವರಿಗೆ. ಹತ್ತು ಸ್ಕಿಲ್ 30ರಲ್ಲಿದ್ದರೆ 50 ಬೇಕಾದ ಬೀಗ ಒಂದೂ ತೆರೆಯುವುದಿಲ್ಲ. ಫಾಲ್ಔಟ್ 3ರ ಬೀಗಗಳು 25, 50, 75, 100 ಅಂತ ಮೆಟ್ಟಿಲು ಮೆಟ್ಟಿಲಾಗಿವೆ, ಅಲ್ಲಿ 49 ಇದ್ದರೂ 25 ಇದ್ದರೂ ತೆರೆಯುವ ಬೀಗ ಒಂದೇ. ಅಂಥ ಕಡೆ ಮೆಟ್ಟಿಲು ನೋಡಿ ಹಾಕಿ, ನಡುವೆ ನಿಲ್ಲಬೇಡಿ.

ಮೂರು ನಾಲ್ಕು ಜನರ ತಂಡ ಇದ್ದರೆ ಇನ್ನೂ ಸುಲಭ: ಒಬ್ಬೊಬ್ಬರಿಗೆ ಒಂದೊಂದು ಕೆಲಸ ವಹಿಸಿ.

ತಪ್ಪು ಸ್ಕಿಲ್ ತಗೊಂಡುಬಿಟ್ಟೆ. ಮೊದಲಿಂದ ಶುರು ಮಾಡ್ಬೇಕಾ?

ಈಗಿನ ಬಹಳಷ್ಟು ಆಟಗಳಲ್ಲಿ ಬೇಡ. ಹಾಕಿದ ಪಾಯಿಂಟ್ ವಾಪಸ್ ಪಡೆಯುವುದಕ್ಕೆ ರಿಸ್ಪೆಕ್ ಅನ್ನುತ್ತಾರೆ. ಬಾಲ್ಡರ್ಸ್ ಗೇಟ್ 3ರಲ್ಲಿ ವಿದರ್ಸ್ ಎಂಬ ಪಾತ್ರಕ್ಕೆ 100 ಚಿನ್ನದ ನಾಣ್ಯ ಕೊಟ್ಟರೆ ಕ್ಲಾಸ್ (ಯೋಧ, ಮಂತ್ರವಾದಿ, ಕಳ್ಳ ಹೀಗೆ ಪಾತ್ರದ ಬಗೆ) ಸಮೇತ ಎಲ್ಲ ಬದಲಾಯಿಸಬಹುದು. ಎಲ್ಡನ್ ರಿಂಗ್‌ನಲ್ಲಿ ರೆನಾಲಾ ಎಂಬ ಶತ್ರುವನ್ನು ಸೋಲಿಸಿದ ಮೇಲೆ ಅವಳ ಬಳಿಯೇ ಲಾರ್ವಲ್ ಟಿಯರ್ ಎಂಬ ವಸ್ತು ಕೊಟ್ಟು ಮರುಹುಟ್ಟು ಪಡೆಯಬಹುದು, ಆದರೆ ಆ ಟಿಯರ್‌ಗಳು ಲೆಕ್ಕಕ್ಕೆ ಸಿಕ್ಕಷ್ಟೇ ಇವೆ, ಸುಮ್ನೆ ಖರ್ಚು ಮಾಡಬೇಡಿ.

ಮೊದಲು ಹೀಗಿರಲಿಲ್ಲ. 2000ದಲ್ಲಿ ಬಂದ ಡಯಾಬ್ಲೊ 2ಕ್ಕೆ ರಿಸ್ಪೆಕ್ ಸಿಕ್ಕಿದ್ದು 2010ರ ಒಂದು ಪ್ಯಾಚ್‌ನಲ್ಲಿ, ಅಂದರೆ ಆಟ ಮಾಡಿದವರು ಆಮೇಲೆ ಕಳಿಸಿದ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ಹಾಕಿದ ಪಾಯಿಂಟ್ ಹಾಕಿದ್ದೇ. ಒಂದು ತಪ್ಪು ಕ್ಲಿಕ್ಕಿಗೆ ತಿಂಗಳುಗಟ್ಟಲೆ ಬೆಳೆಸಿದ ಪಾತ್ರವನ್ನು ಬಿಟ್ಟವರಿದ್ದಾರೆ. ಆ ಕಾಲ ವಾಪಸ್ ಬರಲಿ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಸ್ಕಿಲ್‌ನ ವಿವರಣೆ ಎರಡು ಸಾಲು ಓದಿದ ಮಾತ್ರಕ್ಕೆ ಅದು ನಿಮ್ಮ ಕೈಗೆ ಹೊಂದುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಆಡಿಯೇ ನೋಡಬೇಕು. ರಿಸ್ಪೆಕ್‌ಗೆ ಒಂದಿಷ್ಟು ಬೆಲೆ ಇರಲಿ, ಬಾಗಿಲು ಮಾತ್ರ ತೆರೆದಿರಲಿ.

ಪಾಯಿಂಟ್ ಖರ್ಚು ಮಾಡದೆ ಕೂಡಿಟ್ಟುಕೊಳ್ಳಲಾ?

ಒಂದೆರಡು ಇಟ್ಟುಕೊಳ್ಳಿ, ಹತ್ತು ಬೇಡ. ಡಯಾಬ್ಲೊ 2ರಲ್ಲಿ ಸ್ಕಿಲ್‌ಗಳು ಲೆವೆಲ್ 1, 6, 12, 18, 24, 30ಕ್ಕೆ ತೆರೆಯುತ್ತಿದ್ದವು. 30ರ ಸ್ಕಿಲ್‌ಗೆ ಅಂತ ಎಲ್ಲ ಕೂಡಿಟ್ಟವರು ಅಲ್ಲಿಯವರೆಗೆ ಬರಿಗೈಯಲ್ಲಿ ಒದ್ದಾಡುತ್ತಿದ್ದರು. 2003ರ 1.10 ಪ್ಯಾಚ್‌ನಲ್ಲಿ ಸಿನರ್ಜಿ ಬಂತು, ಅಂದರೆ ಕೆಳಗಿನ ಸ್ಕಿಲ್‌ಗೆ ಹಾಕಿದ ಪಾಯಿಂಟ್ ಮೇಲಿನ ಸ್ಕಿಲ್‌ಗೂ ಬಲ ಕೊಡತೊಡಗಿತು. ಆಮೇಲೆ ಮೊದಲೇ ಖರ್ಚು ಮಾಡಿದ್ದು ದಂಡ ಅನಿಸಲಿಲ್ಲ.

ಯಾರನ್ನೂ ಕೊಲ್ಲದೆ ಲೆವೆಲ್ ಆಗೋಕೆ ಆಗುತ್ತಾ?

ಆಗುತ್ತದೆ, ಆಟ ನೋಡಿ ಆರಿಸಿಕೊಳ್ಳಿ. 2004ರ ವ್ಯಾಂಪೈರ್ ಬ್ಲಡ್‌ಲೈನ್ಸ್‌ನಲ್ಲಿ ಎಕ್ಸ್‌ಪಿ ಸಿಗುವುದೇ ಕೆಲಸ ಮುಗಿಸಿದ್ದಕ್ಕೆ, ಕೊಂದದ್ದಕ್ಕೆ ಅಲ್ಲ. ನುಸುಳಿ ಹೋಗಿ, ಮಾತಲ್ಲೇ ಮುಗಿಸಿ, ಸಿಗುವುದು ಸಿಕ್ಕೇ ಸಿಗುತ್ತದೆ. ಎಲ್ಲ ಆಟಗಳೂ ಹೀಗಿರಬೇಕು ಅಂತ ನನ್ನ ಆಸೆ. ಕೊಂದರೆ ಮಾತ್ರ ಅಂಕ ಅಂದಾಗ ಎದುರಿಗೆ ಬಂದ ಜೀವವೆಲ್ಲ ಬರೀ ಅಂಕವಾಗಿ ಕಾಣತೊಡಗುತ್ತದೆ. 2015ರ ಅಂಡರ್‌ಟೇಲ್ ಇದನ್ನೇ ಹಿಡಿದು ಕೇಳಿದ ಆಟ: ಅಲ್ಲಿ ಯಾರನ್ನೂ ಕೊಲ್ಲದಿದ್ದರೆ ಕೊನೆಯವರೆಗೂ ಲೆವೆಲ್ 1ರಲ್ಲೇ ಇರುತ್ತೀರಿ, ಆಟದ ತುಂಬು ಮನಸ್ಸಿನ ಮುಕ್ತಾಯ ಸಿಗುವುದೂ ಆಗಲೇ.

## ಲೆಕ್ಕದ ಒಳಗೆ ಇಳಿಯುವವರಿಗೆ

ಸಾಫ್ಟ್ ಕ್ಯಾಪ್, ಹಾರ್ಡ್ ಕ್ಯಾಪ್ ಅಂತಾರಲ್ಲ, ಏನು ವ್ಯತ್ಯಾಸ?

ಹಾರ್ಡ್ ಕ್ಯಾಪ್ ಗೋಡೆ, ಅದರಾಚೆ ಹೋಗಲಾಗದು. ಸಾಫ್ಟ್ ಕ್ಯಾಪ್ ಏರು: ಹೋಗಬಹುದು, ಆದರೆ ಹಾಕಿದ ಪಾಯಿಂಟ್‌ಗೆ ಸಿಗುವ ಫಲ ಇಳಿಯುತ್ತದೆ. ಇದನ್ನು ಹೆಚ್ಚಿನ ಆಟಗಳು ಬಾಯಿಬಿಟ್ಟು ಹೇಳುವುದಿಲ್ಲ.

ಎಲ್ಡನ್ ರಿಂಗ್‌ನ ವಿಗರ್ ತಗೊಳ್ಳಿ, ಜೀವಬಲ ಕೊಡುವ ಗುಣ ಅದು. ವಿಗರ್ 25ರಲ್ಲಿ ಜೀವಬಲ 800. 40ರಲ್ಲಿ 1,450. 60ರಲ್ಲಿ 1,900. 99ರಲ್ಲಿ 2,100. ಈಗ ಭಾಗಿಸಿ ನೋಡಿ. 25ರಿಂದ 40ರವರೆಗೆ ಒಂದು ಪಾಯಿಂಟ್‌ಗೆ ಸರಾಸರಿ 43 ಸಿಕ್ಕಿತು. 40ರಿಂದ 60ಕ್ಕೆ 22ರ ಸುಮಾರು. 60 ದಾಟಿದ ಮೇಲೆ ಬರೀ 5. ಅಂದರೆ 60ರ ಮೇಲೆ ವಿಗರ್‌ಗೆ ಹಾಕುವ ಒಂದೊಂದು ಪಾಯಿಂಟೂ ಬೇರೆ ಕಡೆ ಹಾಕಿದ್ದರೆ ಜಾಸ್ತಿ ಕೆಲಸ ಮಾಡುತ್ತಿತ್ತು. ಹೊಸಬರಲ್ಲಿ ನಾನು ನೋಡುವ ದೊಡ್ಡ ತಪ್ಪು ಇದರ ಇನ್ನೊಂದು ತುದಿ: ಹೊಡೆಯುವ ಗುಣಕ್ಕೇ ಎಲ್ಲ ಸುರಿದು ವಿಗರ್ 20ರಲ್ಲೇ ಬಿಟ್ಟಿರುತ್ತಾರೆ, ಬಾಸ್ (ದಾರಿ ಕಾಯುವ ದೊಡ್ಡ ಶತ್ರು) ಒಂದು ಕೈ ಬೀಸಿದರೆ ಕಥೆ ಮುಗಿಯುತ್ತದೆ. ಮೊದಲು 40 ಮುಟ್ಟಿಸಿ, ಆಮೇಲೆ ಉಳಿದ ಮಾತು.

ಆ ಆಟದ ಹಾರ್ಡ್ ಕ್ಯಾಪ್ 713. ಎಂಟು ಗುಣಗಳೂ 99 ಆದಾಗ ಬರುವ ಲೆವೆಲ್ ಅದು. ಒಂದು ಸಲದ ಆಟಕ್ಕೆ ಅದರ ಹತ್ತಿರವೂ ಹೋಗಬೇಕಾಗಿಲ್ಲ.

ಎರಡು ಕ್ಲಾಸ್ ಬೆರೆಸಿದ್ರೆ ಜಾಸ್ತಿ ಬಲ ಬರುತ್ತಂತೆ, ಹೌದಾ?

ಬರಬಹುದು. ಆದರೆ ಏನು ಬಿಟ್ಟುಕೊಡುತ್ತಿದ್ದೀರಿ ಅಂತ ಮೊದಲು ಬರೆದಿಟ್ಟುಕೊಳ್ಳಿ.

ಬಾಲ್ಡರ್ಸ್ ಗೇಟ್ 3ರ ಫೈಟರ್‌ಗೆ, ಅಂದರೆ ಯೋಧನಿಗೆ, 4, 6, 8, 12ನೇ ಲೆವೆಲ್ಲಿನಲ್ಲಿ ಫೀಟ್ (ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಸಿಗುತ್ತದೆ. 5ರಲ್ಲಿ ಒಂದೇ ಸರದಿಗೆ ಎರಡು ಏಟು, 11ರಲ್ಲಿ ಮೂರು. ಈ ಲೆಕ್ಕ ನಡೆಯುವುದು ಆ ಕ್ಲಾಸ್‌ನ ಲೆವೆಲ್ ಮೇಲೆ, ಪಾತ್ರದ ಒಟ್ಟು ಲೆವೆಲ್ ಮೇಲೆ ಅಲ್ಲ. ಫೈಟರ್ 6, ರೋಗ್ (ಕಳ್ಳ) 6 ಅಂತ ಅರ್ಧ ಅರ್ಧ ಮಾಡಿದರೆ ಒಟ್ಟು ಮೂರೇ ಫೀಟ್, ಮೂರನೇ ಏಟಂತೂ ಕನಸು. ಅದೇ ಫೈಟರ್ 9, ರೋಗ್ 3 ಮಾಡಿ ಅದರ ಥೀಫ್ ಎಂಬ ಒಳಬಗೆ ತಗೊಂಡರೆ ಮೂರು ಫೀಟ್ ಉಳಿಯುತ್ತವೆ, ಪ್ರತಿ ಸರದಿಗೆ ಒಂದು ಬೋನಸ್ ಆಕ್ಷನ್ (ಮುಖ್ಯ ಏಟಿನ ಜೊತೆಗೆ ಮಾಡಬಹುದಾದ ಚಿಕ್ಕ ಕೆಲಸ) ಜಾಸ್ತಿ ಸಿಗುತ್ತದೆ. ಎರಡು ಕೈಯಲ್ಲೂ ಆಯುಧ ಹಿಡಿಯುವವರಿಗೆ ಅದು ಒಳ್ಳೆಯ ವ್ಯಾಪಾರ. ಒಂದೇ ದೊಡ್ಡ ಕತ್ತಿ ಹಿಡಿಯುವವರು ಫೈಟರ್ 11ರವರೆಗೆ ಹೋಗಿ, ಆ ಮೂರನೇ ಏಟಿನ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ನನ್ನ ಸಲಹೆ: ಮುಖ್ಯ ಕ್ಲಾಸ್ 5 ಮುಟ್ಟುವವರೆಗೆ ಬೆರೆಸಲೇ ಬೇಡಿ. 5ನೇ ಲೆವೆಲ್ ಅಲ್ಲಿ ದೊಡ್ಡ ತಿರುವು. ಏಟು ಎರಡಾಗುತ್ತದೆ, ಮಂತ್ರವಾದಿಗೆ ಫೈರ್‌ಬಾಲ್ ಸಿಗುತ್ತದೆ.

ಕ್ಯಾಪ್ ಮುಟ್ಟಿದೆ. ಇನ್ನು ಆಡಿ ಏನು ಮಾಡ್ಲಿ?

ಇದಕ್ಕೆ ಬೇರೆ ಬೇರೆ ಆಟಗಳು ಬೇರೆ ಬೇರೆ ದಾರಿ ಹುಡುಕಿವೆ. ಡಯಾಬ್ಲೊ 3ರಲ್ಲಿ ಲೆವೆಲ್ ನಿಂತ ಮೇಲೆ ಪ್ಯಾರಗಾನ್ ಎಂಬ ಇನ್ನೊಂದು ಎಣಿಕೆ ಶುರುವಾಗುತ್ತದೆ. ಸ್ಕೈರಿಮ್‌ನಲ್ಲಿ 18 ಸ್ಕಿಲ್‌ಗಳೂ 100 ಆದರೆ ಲೆವೆಲ್ 81ಕ್ಕೆ ನಿಲ್ಲುತ್ತಿತ್ತು. 2013ರ 1.9 ಪ್ಯಾಚ್‌ನಲ್ಲಿ ಲೆಜೆಂಡರಿ ಬಂತು: 100 ಆದ ಸ್ಕಿಲ್ಲನ್ನು 15ಕ್ಕೆ ಇಳಿಸಿ, ಪರ್ಕ್‌ಗಳನ್ನು ವಾಪಸ್ ಪಡೆದು, ಮತ್ತೆ ಏರಬಹುದು. ಗೆರೆಯೇ ಹೋಯಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ ದಾರಿ 2005ರ ಗಿಲ್ಡ್ ವಾರ್ಸ್‌ನದು. ಅಲ್ಲಿ ಕ್ಯಾಪ್ ಬರೀ 20, ಬೇಗ ಮುಟ್ಟುತ್ತೀರಿ. ಆಟದ ಜೀವ ಇರುವುದೇ ಅದರ ನಂತರ. ನೂರಾರು ಸ್ಕಿಲ್‌ಗಳನ್ನು ಹುಡುಕಿ ಕೂಡಿಸಬಹುದು, ಆದರೆ ಹೊರಗೆ ಹೋಗುವಾಗ ಎಂಟನ್ನು ಮಾತ್ರ ಒಯ್ಯಬಹುದು. ಹೊರಡುವ ಮುಂಚೆ ಆ ಎಂಟು ಯಾವುವು ಅಂತ ಅರ್ಧ ಗಂಟೆ ಕೂತು ಯೋಚಿಸುತ್ತಿದ್ದೆ. ಲೆವೆಲ್ ಏರದಿದ್ದರೂ ಆಟಗಾರ ಬೆಳೆಯುತ್ತಾನೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹೊಸ ಎಕ್ಸ್‌ಪಾನ್ಷನ್ ಬಂದಾಗಲೆಲ್ಲ ಕ್ಯಾಪ್ ಏರಿಸ್ತಾರೆ. ನಾನು ಪಟ್ಟ ಕಷ್ಟ ನೀರಲ್ಲಿ ಹೋಮ ಅಲ್ವಾ?

ಎಕ್ಸ್‌ಪಾನ್ಷನ್ ಅಂದರೆ ಆಟಕ್ಕೆ ಆಮೇಲೆ ಸೇರುವ ಹೆಚ್ಚುವರಿ ಭಾಗ. ಈ ಸಂಕಟ ನಿಜ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ 60ಕ್ಕೆ ಶುರುವಾಯಿತು. 2007ಕ್ಕೆ 70, 2008ಕ್ಕೆ 80, ಹೀಗೇ ಏರಿ 2018ಕ್ಕೆ 120. ಪ್ರತಿ ಸಲವೂ ತಂಡ ಕಟ್ಟಿಕೊಂಡು ವಾರಗಟ್ಟಲೆ ಕಾದು ಗಳಿಸಿದ ಆಯುಧ, ಹೊಸ ಜಾಗದ ಮೊದಲ ಕೆಲವು ಕೆಲಸಗಳಲ್ಲಿ ಸಿಗುವ ಆಯುಧದ ಮುಂದೆ ಮಂಕಾಗುತ್ತಿತ್ತು. ಹೊಸಬರಿಗೂ 120 ಅನ್ನುವುದು ಹತ್ತಲಾಗದ ಬೆಟ್ಟ. ಕೊನೆಗೆ 2020ರಲ್ಲಿ ಎಲ್ಲರನ್ನೂ ಕುಗ್ಗಿಸಿದರು: 120 ಇದ್ದವರು 50 ಆದರು, ಹೊಸ ಕ್ಯಾಪ್ ಮತ್ತೆ 60.

ಏರಿಸುವುದಕ್ಕೆ ಕಾರಣವೂ ಇದೆ. ಬಿಟ್ಟುಹೋದವರು ವಾಪಸ್ ಬಂದಾಗ ಎಲ್ಲರೂ ಒಂದೇ ಗೆರೆಯಿಂದ ಹೊರಡುತ್ತಾರೆ. ಅದು ಒಳ್ಳೆಯದೇ. ನಿಮಗೆ ಸಂಖ್ಯೆ ಮುಖ್ಯವಾದರೆ ಎಕ್ಸ್‌ಪಾನ್ಷನ್ ಬರುವ ಮುಂಚಿನ ಎರಡು ತಿಂಗಳು ಆಯುಧಕ್ಕಾಗಿ ಬೆವರು ಸುರಿಸಬೇಡಿ. ಆಗ ಬೇರೆ ಕ್ಲಾಸ್‌ನ ಒಂದು ಪಾತ್ರ ಬೆಳೆಸಿ, ನೋಡದ ಜಾಗ ನೋಡಿ.

ಕೆಲವರು ಲೆವೆಲ್ 1ರಲ್ಲೇ ಇಡೀ ಆಟ ಮುಗಿಸ್ತಾರಂತೆ. ನಿಜಾನಾ? ನನ್ನ ಕೈಲೂ ಆಗುತ್ತಾ?

ನಿಜ. ಎಲ್ಡನ್ ರಿಂಗ್‌ನಲ್ಲಿ ರೆಚ್ ಎಂಬ ಕ್ಲಾಸ್ ಇದೆ. ಲೆವೆಲ್ 1, ಎಂಟೂ ಗುಣಗಳು ತಲಾ 10, ಕೈಯಲ್ಲಿ ಒಂದು ದೊಣ್ಣೆ, ಮೈಮೇಲೆ ಬಟ್ಟೆಯೂ ಸರಿಯಾಗಿಲ್ಲ. ಒಂದೂ ಲೆವೆಲ್ ಏರದೆ ಅವನಿಂದ ಕೊನೆಯ ಬಾಸ್‌ವರೆಗೆ ಹೋದವರು ಬಹಳ ಜನ ಇದ್ದಾರೆ. ಅವರು ಆಯುಧವನ್ನು ಪೂರ್ತಿ ಹದಗೊಳಿಸುತ್ತಾರೆ, ಗುಣ ಏರಿಸುವ ತಾಯಿತಗಳನ್ನು ಹುಡುಕಿ ಕಟ್ಟಿಕೊಳ್ಳುತ್ತಾರೆ, ಪ್ರತಿ ಬಾಸ್‌ನ ಪ್ರತಿ ಏಟನ್ನೂ ಬಾಯಿಪಾಠ ಮಾಡುತ್ತಾರೆ.

ಮೊದಲ ಸಲ ಆಡುವವರು ಹೀಗೆ ಮಾಡಬೇಡಿ. ಒಮ್ಮೆ ಸಹಜವಾಗಿ ಮುಗಿಸಿ. ಎರಡನೇ ಸಲ ಆಡುವಾಗ, ಮೊದಲ ಸಲ ನಿಮ್ಮನ್ನು ತುಂಬಾ ಕಾಡಿದ ಬಾಸ್ ಬಳಿಗೆ ಮೊದಲಿಗಿಂತ ಹತ್ತು ಲೆವೆಲ್ ಕಮ್ಮಿ ಇಟ್ಟುಕೊಂಡು ಹೋಗಿ ನೋಡಿ. ಅವನ ಕೈ ಎತ್ತುವಾಗಲೇ ಎತ್ತ ಉರುಳಬೇಕು ಅಂತ ನಿಮ್ಮ ಹೆಬ್ಬೆರಳಿಗೆ ಗೊತ್ತಿರುತ್ತದೆ.